ಕೆಂಪು ಶಾಯಿ ಬೀಳದ ಹಾಳೆ

ಜಯರಾಮಪ್ಪ ಹೊಟ್ಟೆಕಿಚ್ಚಿನ ಮನುಷ್ಯ ಎಂದರೆ ಇವತ್ತಿಗೂ ಬಂಗಾರಪೇಟೆಯಲ್ಲಿ ಯಾರೂ ನಂಬುವುದಿಲ್ಲ. ‘ಬಿಡಪ್ಪಾ, ಅವನು ಒಂದು ಇರುವೆಯನ್ನೂ ತುಳಿದವನಲ್ಲ’ ಎನ್ನುತ್ತಾರೆ. ಇರುವೆ ತುಳಿಯಲಿಲ್ಲ, ಸರಿ. ಆದರೆ ಎಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ ಅವನ ಹೊಟ್ಟೆಯೊಳಗೆ ಹತ್ತಿಕೊಂಡಿದ್ದ ಒಲೆಯಲ್ಲಿ ಇಡೀ ಬೀದಿಗೆ ಮುದ್ದೆ ಬೇಯಿಸಬಹುದಿತ್ತು. ಇದು ಊರವರು ಕಟ್ಟಿದ ಮಾತಲ್ಲ. ಅವನೇ ಕೈಯಾರೆ ಬರೆದು ಕೆಳಗೆ ರುಜು ಹಾಕಿದ್ದಾನೆ.

ಅವನ ಹುಟ್ಟೂರು ಬೂದಿಕೋಟೆಯ ಹತ್ತಿರದ ಒಂದು ಹಳ್ಳಿ. ಅಪ್ಪ ವೆಂಕಟೇಶಪ್ಪ ಹೊಲವನ್ನು ತಮ್ಮನಿಗೆ ಬಿಟ್ಟು ಕೆಜಿಎಫ್‌ನ ಗಣಿಗೆ ಇಳಿದವನು. ಇಪ್ಪತ್ತಾರು ವರ್ಷ ನೆಲದಡಿಯಲ್ಲಿ ಬಂಡೆಗೆ ಡ್ರಿಲ್ ಹಿಡಿದವನು. ಮಗ ಮಾತ್ರ ಕೆಳಗೆ ಇಳಿಯಕೂಡದು ಎಂದು ಹಟ ಹಿಡಿದು ಎಸ್ಸೆಸ್ಸೆಲ್ಸಿ ಓದಿಸಿದ. ಹಾಗಾಗಿ ಜಯರಾಮಪ್ಪ ಹತ್ತೊಂಬತ್ತನೇ ವಯಸ್ಸಿಗೆ ಗಣಿಯ ಟೈಮಾಫೀಸಿನಲ್ಲಿ ಗುಮಾಸ್ತನಾಗಿ ಕೂತ. ಕೆಳಗೆ ಇಳಿಯುವವರಿಗೆ ನಂಬರಿನ ಬಿಲ್ಲೆ ಕೊಡುವುದು, ಮೇಲೆ ಬಂದವರಿಂದ ಬಿಲ್ಲೆ ಇಸಿದುಕೊಂಡು ಮೊಳೆಗೆ ನೇತುಹಾಕುವುದು. ಸಂಜೆಗೆ ಒಂದೇ ಒಂದು ಮೊಳೆ ಖಾಲಿ ಉಳಿದರೂ ಅವನ ಎದೆ ಡವಡವ ಎನ್ನುತ್ತಿತ್ತು. ಈ ಕೆಲಸದಿಂದ ಅವನಿಗೊಂದು ಗುಣ ಅಂಟಿಕೊಂಡಿತು. ಯಾವುದನ್ನೇ ನೋಡಲಿ, ಇರುವುದಕ್ಕಿಂತ ಮೊದಲು ಇಲ್ಲದ್ದು ಕಣ್ಣಿಗೆ ಬೀಳುತ್ತಿತ್ತು.

ಮದುವೆಯಾದ ಮೇಲೆ ಬಂಗಾರಪೇಟೆಯಲ್ಲಿ ರೈಲುಹಳಿಯ ಪಕ್ಕದಲ್ಲೇ ಮನೆ ಮಾಡಿದ. ಹೆಂಡತಿ ಕದಿರಮ್ಮ, ಕೆಲಸದಿಂದ ನಿವೃತ್ತನಾದ ಅಪ್ಪ, ಇಬ್ಬರು ಹೆಣ್ಣುಮಕ್ಕಳು. ಒಳಗೊಳಗೇ ಅವನಿಗಿದ್ದ ಆಸೆ ಒಂದೇ: ತನ್ನದೊಂದು ಕಥೆ ಅಚ್ಚಾಗಬೇಕು. ಹದಿನೈದು ವರ್ಷ ಬೆಂಗಳೂರಿನ ಪತ್ರಿಕೆಗಳಿಗೆಲ್ಲ ಕಳಿಸಿದ. ಒಂದೂ ತಪ್ಪದೆ ಎಲ್ಲವೂ ವಾಪಸು ಬಂದವು. ಅಷ್ಟು ಶಿಸ್ತು ಕಾಮಸಮುದ್ರದ ಬಸ್ಸಿಗೂ ಇರಲಿಲ್ಲ.

ಬರೆಯುವುದರಲ್ಲಿ ಸಿಗದ ಮರ್ಯಾದೆ ಅವನಿಗೆ ಓದುವುದರಲ್ಲಿ ಸಿಕ್ಕಿತು. ಅದು ಸಿಕ್ಕಿದ್ದು ರೈಲಿನಲ್ಲಿ.

ದಿನಾ ಬೆಳಗ್ಗೆ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಗಾಡಿಯಲ್ಲಿ ಗಣಿಯವರು, ಕಾರ್ಖಾನೆಯವರು, ಮೇಷ್ಟರುಗಳು ಒತ್ತಿಕೊಂಡು ಕೂರುತ್ತಿದ್ದರು. ಆಂಡರ್ಸನ್‌ಪೇಟೆಯ ಸ್ಕೂಲಿಗೆ ಹೋಗುವ ಅಶ್ವತ್ಥಪ್ಪ ಮೇಷ್ಟರು ಮೂರನೇ ಬೋಗಿಗೆ ಹತ್ತಿದ ಕೂಡಲೇ ಕಿಟಕಿಯ ಕಂಬಿಗೆ ಒಂದು ಬಟ್ಟೆಚೀಲ ನೇತುಹಾಕುತ್ತಿದ್ದರು. ಅದರೊಳಗೆ ರಟ್ಟಿನ ಹೊದಿಕೆಯ ದಪ್ಪ ನೋಟುಪುಸ್ತಕ. ಎಲ್ಲರೂ ಅದನ್ನು ‘ಗಾಡಿ ಪುಸ್ತಕ’ ಎನ್ನುತ್ತಿದ್ದರು. ಅದಕ್ಕೆ ಮೇಷ್ಟರು ಮಾಡಿದ ನಿಯಮ ಎರಡೇ. ಬಲಗಡೆಯ ಹಾಳೆಯಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಎಡಗಡೆಯ ಹಾಳೆಯನ್ನು ಖಾಲಿ ಬಿಡಬೇಕು, ಓದಿದವರು ಅಭಿಪ್ರಾಯ ಬರೆಯುವುದಕ್ಕೆ.

ಆ ಎಡಗಡೆಗೆ ಜಯರಾಮಪ್ಪನೇ ದೊರೆ. ಟೈಮಾಫೀಸಿನ ಕೆಂಪು ಶಾಯಿಯ ಪೆನ್ನು ಜೇಬಿನಲ್ಲಿ ಸದಾ ಸಿದ್ಧ. ಕಾಮಸಮುದ್ರದ ಸೊಣ್ಣಪ್ಪ ಒಂದು ಪ್ರೇಮಗೀತೆ ಬರೆದಾಗ ಇವನು ಎದುರಿನ ಹಾಳೆಯಲ್ಲಿ ಬರೆದದ್ದು ಹೀಗೆ: ‘ಮೊದಲ ಸಾಲಿನಲ್ಲಿ ಹುಣ್ಣಿಮೆ, ಐದನೆಯ ಸಾಲಿನಲ್ಲಿ ಅಮಾವಾಸ್ಯೆ. ನಡುವಿನ ಹದಿನೈದು ದಿನ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿದ್ದೀರಿ. ಪಾಪ, ಕಾಲು ನೋಯುವುದಿಲ್ಲವೆ?’ ಸೊಣ್ಣಪ್ಪ ಎರಡು ದಿನ ಮುಖ ತಿರುಗಿಸಿಕೊಂಡು ಕೂತ. ಮೂರನೇ ದಿನ ಹಾಡನ್ನು ತಿದ್ದಿ ತಂದ. ಹಾಡು ನಿಜವಾಗಿಯೂ ಚೆಂದವಾಗಿತ್ತು. ‘ಅವ್ರು ಕೆಂಪಲ್ಲಿ ಗೀಚಿದ್ರೆ ಮರ್ಯಾದೆ ಕೊಟ್ಟಂಗೆ ಕಣ್ಲಾ. ಒಂದಕ್ಷರ ಬಿಡ್ದಂಗೆ ಓದವ್ರೆ ಅಂತ ಅರ್ಥ’ ಎಂದು ಆಮೇಲೆ ಅವನೇ ಊರೆಲ್ಲ ಹೇಳಿಕೊಂಡು ತಿರುಗಿದ.

ಆರು ವರ್ಷದಲ್ಲಿ ಜಯರಾಮಪ್ಪ ಯಾರಿಗೂ ‘ಚೆನ್ನಾಗಿದೆ’ ಎಂದು ಬರೆದಿರಲಿಲ್ಲ. ‘ಚೆನ್ನಾಗಿದೆ ಅನ್ನೋದು ಓದದೇ ಇರೋರು ಬರಿಯೋ ಮಾತು’ ಎನ್ನುತ್ತಿದ್ದ. ಬೋಗಿಯಲ್ಲಿ ಈ ಮಾತು ಎಲ್ಲರಿಗೂ ಬಾಯಿಪಾಠವಾಗಿತ್ತು.

ನಮ್ಮ ದೇಶದವನೊಬ್ಬ ಆಕಾಶಕ್ಕೆ ಹೋಗಿಬಂದ ಮರುವರ್ಷ. ಬೆಂಗಳೂರಿನ ಒಂದು ವಾರಪತ್ರಿಕೆಯಲ್ಲಿ ‘ಚಂದ್ರನ ಸುರಂಗ’ ಎಂಬ ಧಾರಾವಾಹಿ ಬರುತ್ತಿತ್ತು. ಚಂದ್ರನ ಮೇಲೆ ಇಳಿದ ಮೂವರು ಗಗನಯಾತ್ರಿಗಳು: ಕ್ಯಾಪ್ಟನ್ ಪ್ರತಾಪ, ಡಾಕ್ಟರ್ ಸುಮನಾ, ಮೆಕ್ಯಾನಿಕ್ ದಾಸಪ್ಪ. ನೌಕೆ ಕೆಟ್ಟಿದೆ, ರೇಡಿಯೋ ಸತ್ತಿದೆ, ವಾಪಸು ಬರುವ ದಾರಿಯಿಲ್ಲ. ಹತ್ತೊಂಬತ್ತನೇ ವಾರ ಪ್ರತಾಪ ಚಂದ್ರನೊಳಗಿನ ಒಂದು ಸುರಂಗಕ್ಕೆ ಇಳಿದ. ಮೇಲಿನ ಬಂಡೆ ಕುಸಿಯಿತು. ಅವನಿಗೂ ನೌಕೆಗೂ ನಡುವೆ ಉಳಿದದ್ದು ಉಸಿರಾಟದ ಗಾಳಿ ಹೋಗುವ ಒಂದು ಉಕ್ಕಿನ ಪೈಪು ಮಾತ್ರ. ‘ಪ್ರತಾಪ ಬದುಕಿದ್ದಾನೆಯೆ? ಮುಂದಿನ ವಾರ ನೋಡಿ’ ಎಂದು ಬರೆದು ಪತ್ರಿಕೆಯವರು ಪತ್ರಿಕೆಯನ್ನೇ ಮುಚ್ಚಿಬಿಟ್ಟರು.

ಬೇರೆ ಊರಿನವರು ‘ಥತ್ತೇರಿ’ ಎಂದು ಬೈದು ಸುಮ್ಮನಾಗಿರಬಹುದು. ಕೆಜಿಎಫ್ ಗಾಡಿಯಲ್ಲಿ ಮಾತ್ರ ಅದು ಆಗದ ಮಾತು. ಸುರಂಗ ಕುಸಿದು ಮನುಷ್ಯ ಒಳಗೆ ಸಿಕ್ಕಿಕೊಂಡರೆ ಆ ಊರಿನಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ಸತ್ತನೋ ಬದುಕಿದನೋ ತಿಳಿಯುವ ತನಕ ಗಣಿಯ ಬಾಗಿಲಲ್ಲೇ ನಿಲ್ಲುತ್ತಾರೆ. ‘ಒಳಗೆ ಮನ್ಸ ಅವ್ನೆ, ಇವ್ರು ಬೀಗ ಆಕ್ಕೊಂಡು ಓದ್ರಾ?’ ಎಂದು ಸೊಣ್ಣಪ್ಪ ಕೂಗಾಡಿದ. ಕೊನೆಗೆ ಬೋಗಿಯವರೇ ಪ್ರತಾಪನನ್ನು ಹೊರಗೆ ತೆಗೆಯಲು ನಿಂತರು. ಗಾಡಿ ಪುಸ್ತಕದ ಬಲಗಡೆಯ ಹಾಳೆಗಳಲ್ಲಿ ಒಬ್ಬೊಬ್ಬರೇ ಕಥೆ ಮುಂದುವರಿಸಿದರು. ಒಬ್ಬ ಆಂಜನೇಯಸ್ವಾಮಿಯನ್ನೇ ಕರೆಸಿದ. ಇನ್ನೊಬ್ಬ ಅಮೆರಿಕದ ನೌಕೆ ಇಳಿಸಿದ.

ಜಯರಾಮಪ್ಪನ ಕೆಂಪು ಪೆನ್ನಿಗೆ ಸುಗ್ಗಿ. ‘ಹತ್ತೊಂಬತ್ತು ವಾರದಿಂದ ಮೂವರೂ ಒಂದು ಲೋಟ ನೀರು ಕುಡಿದಿಲ್ಲ. ಮೊದಲು ನೀರು ಕೊಡಿ, ಆಮೇಲೆ ಸಾಹಸ.’ ‘ಗಾಳಿ ಮುಗಿಯುತ್ತಿರುವವನು ಒಂದು ಪುಟ ಭಾಷಣ ಬಿಗಿಯುವುದಿಲ್ಲ. ದೀಪ ಆರಿಸಿ, ಗೋಡೆಗೆ ಒರಗಿ, ತೆಪ್ಪಗೆ ಕೂರುತ್ತಾನೆ.’

‘ಅದು ನಿಮ್ಗೆ ಎಂಗ್ ಗೊತ್ತು ಮಾರಾಯ್ರೆ? ನೀವು ಯಾವತ್ತು ಕೆಳಗೆ ಇಳಿದ್ರಿ?’ ಎಂದು ಒಬ್ಬ ಕೆಣಕಿದ.

‘ನಮ್ಮಪ್ಪ ಇಳಿದಿದ್ರಲ್ಲ’ ಎಂದು ಜಯರಾಮಪ್ಪ ಶುರುಮಾಡಿದ. ಐವತ್ತೆಂಟನೇ ಇಸವಿಯಲ್ಲಿ ಬಂಡೆ ಸಿಡಿದು ಮೂವರು ಒಳಗೆ ಸಿಕ್ಕಿಕೊಂಡಿದ್ದರು. ಎರಡನೇ ದಿನಕ್ಕೆ ಎಲ್ಲರೂ ಕೈ ಬಿಟ್ಟರು. ಒಳಗಿನವರು ಗಾಳಿ ಪೈಪಿಗೆ ಕಲ್ಲಿನಿಂದ ಕುಟ್ಟುತ್ತಿದ್ದರಂತೆ, ಹೊರಗಿನವರಿಗೆ ಗೊತ್ತೇ ಆಗಿರಲಿಲ್ಲ. ‘ನಮ್ಮಪ್ಪನ ಕಿವಿ ಅಂದ್ರೆ ನಾಯಿ ಕಿವಿ ನೋಡಿ. ಯಾರಿಗೂ ಕೇಳಿಸದ್ದು ಅವರಿಗೆ ಕೇಳಿಸ್ತು. ಟಕ್, ಟಕ್, ಟಕ್. ಮೂವರೂ ಬದುಕಿ ಬಂದ್ರು!’

ಅವತ್ತು ಗಣಿಯಲ್ಲಿದ್ದವರು ಯಾರೂ ಆ ಬೋಗಿಯಲ್ಲಿರಲಿಲ್ಲ, ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಮೂವರು ಬದುಕಿದ್ದು ನಿಜ, ವೆಂಕಟೇಶಪ್ಪನಿಂದಲೇ ಬದುಕಿದ್ದೂ ನಿಜ. ಕಿವಿಯ ಮಾತು ಮಾತ್ರ ಶುದ್ಧ ಸುಳ್ಳು. ಆ ಹೊತ್ತಿಗಾಗಲೇ ಡ್ರಿಲ್ಲಿನ ಸದ್ದಿಗೆ ವೆಂಕಟೇಶಪ್ಪನ ಎರಡು ಕಿವಿಯೂ ಹೋಗಿದ್ದವು. ಅವನಿಗೆ ಗೊತ್ತಾದದ್ದು ಬೇರೆ ದಾರಿಯಲ್ಲಿ. ಆದರೆ ಸ್ಕೂಲಿನಲ್ಲಿ ‘ಕಿವುಡನ ಮಗ, ಕಿವುಡನ ಮಗ’ ಎಂದು ಕರೆಸಿಕೊಂಡ ಜಯರಾಮಪ್ಪನಿಗೆ ನಲವತ್ತೊಂದು ವರ್ಷವಾದರೂ ಆ ಮಾತು ನಾಲಿಗೆಯ ಮೇಲೆ ಬರುತ್ತಿರಲಿಲ್ಲ. ಮನೆಗೆ ಸ್ನೇಹಿತರನ್ನು ಕರೆಯುತ್ತಿರಲಿಲ್ಲ. ಅಪ್ಪನನ್ನು ಆ ಗಾಡಿಗೆ ಹತ್ತಿಸುತ್ತಲೂ ಇರಲಿಲ್ಲ.

ಆ ದಿನ ಎದುರು ಸೀಟಿನಲ್ಲಿ ಕೂತು ಈ ಸುಳ್ಳನ್ನು ಕಿವಿಗೊಟ್ಟು ಕೇಳಿದವಳು ಕೆಂಪಮ್ಮ. ಮದ್ದೂರು ಕಡೆಯ ಹೆಣ್ಣುಮಗಳು. ಗಂಡನಿಗೆ ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ, ಇವಳಿಗೆ ಅದೇ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಊಟದ ಕೂಪನ್ ಹರಿಯುವ ಕೆಲಸ. ಕ್ವಾರ್ಟರ್ಸ್ ಸಿಗದೆ ಬಂಗಾರಪೇಟೆಯಲ್ಲಿ ಬಾಡಿಗೆಗೆ ಇದ್ದರು. ಓದಿದ್ದು ಏಳನೇ ಕ್ಲಾಸು. ಅವಳು ಬರೆಯುತ್ತಾಳೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹತ್ತು ದಿನ ಕಳೆದ ಮೇಲೆ ಒಂದು ಸೋಮವಾರ, ಗಾಡಿ ಪುಸ್ತಕದ ಹದಿನಾಲ್ಕು ಹಾಳೆ ತುಂಬಿತ್ತು. ದುಂಡಗಿನ ಅಕ್ಷರ, ಒಂದು ಚಿತ್ತೂ ಇಲ್ಲ.

ಅಶ್ವತ್ಥಪ್ಪ ಮೇಷ್ಟರು ಗಟ್ಟಿಯಾಗಿ ಓದತೊಡಗಿದರು. ಕೆಂಪಮ್ಮನ ಕಥೆಯಲ್ಲಿ ಆಂಜನೇಯನೂ ಇಲ್ಲ, ಅಮೆರಿಕವೂ ಇಲ್ಲ. ನೌಕೆಯಲ್ಲಿ ಉಳಿದ ಸುಮನಾ ಮತ್ತು ದಾಸಪ್ಪ ಊಟಕ್ಕೆ ಕೂರುತ್ತಾರೆ. ಇರುವುದೇ ಚೂರು ಆಹಾರ. ಸುಮನಾ ಮೂರು ತಟ್ಟೆ ಇಡುತ್ತಾಳೆ. ಪ್ರತಾಪನ ಪಾಲನ್ನು ಬಡಿಸಿ, ಮೇಲೊಂದು ತಟ್ಟೆ ಮುಚ್ಚುತ್ತಾಳೆ. ‘ಅವನು ಬರಲ್ಲ, ಅದನ್ನೂ ತಿಂದುಬಿಡೋಣ’ ಎನ್ನುವ ಮಾತು ಇಬ್ಬರ ಬಾಯಿಯ ತನಕ ಬರುತ್ತದೆ, ಇಬ್ಬರೂ ಹೇಳುವುದಿಲ್ಲ. ಮೂರನೆಯ ದಿನ ದಾಸಪ್ಪ ಹೊರಗೆ ಹೋಗಿ ಕುಸಿದ ಬಂಡೆಯ ಮುಂದೆ ನಿಲ್ಲುತ್ತಾನೆ. ಆಗ ಪೈಪಿನ ಕಡೆಯಿಂದ ಅವನಿಗೆ ಕೇಳಿಸುತ್ತದೆ. ಟಕ್, ಟಕ್, ಟಕ್.

ಬೋಗಿಯಲ್ಲಿ ಗಣಿಯವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಚಾಂಪಿಯನ್ ರೀಫ್ ಸ್ಟೇಷನ್ ಬಂತು, ಹೋಯಿತು. ಅಲ್ಲಿ ಇಳಿಯಬೇಕಾದ ಮೇಷ್ಟರು ಇಳಿಯಲೇ ಇಲ್ಲ. ಓದುತ್ತಾ ಓದುತ್ತಾ ಮಾರಿಕುಪ್ಪಂ ತನಕ ಹೋಗಿಬಿಟ್ಟರು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಸ್ಕೂಲಿಗೆ ತಡವಾಗದ ಮನುಷ್ಯ!

ಅಲ್ಲಿ ಜಯರಾಮಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ತಾನು ಓದಿದಾಗ ಒಬ್ಬನಾದರೂ ಇಳಿಯುವುದನ್ನು ಮರೆತಿದ್ದನೆ? ತಾನು ಬರೆದ ಕಥೆಗೆ ಕದಿರಮ್ಮ ಕೂಡ ಒಂದು ಸಲ ಆಕಳಿಸದೆ ಕೂತಿದ್ದಳೆ? ‘ಚಂದ್ರನ ಸುರಂಗ’ದ ಮುಂದಿನ ಭಾಗವನ್ನು ಅವನೂ ಗುಟ್ಟಾಗಿ ಬರೆಯುತ್ತಿದ್ದ, ಹನ್ನೊಂದು ಸಲ ತಿದ್ದಿದ್ದ. ಅದರಲ್ಲಿ ಗಾಳಿಯ ಲೆಕ್ಕ, ತೂಕದ ಲೆಕ್ಕ ಎಲ್ಲ ಸರಿಯಾಗಿತ್ತು. ‘ಎಲ್ಲಾ ಸರಿ, ಇದ್ರಾಗೆ ಒಬ್ರಿಗೂ ಹಸಿವೇ ಆಗಲ್ವೇನ್ರೀ?’ ಎಂದು ಕದಿರಮ್ಮ ಕೇಳಿದ್ದಳು. ಈಗ ಈ ಕೂಪನ್ ಹರಿಯುವವಳು ಬಂದು ಒಂದು ಮುಚ್ಚಿದ ತಟ್ಟೆ ಇಟ್ಟು ಇಡೀ ರೈಲನ್ನೇ ಅಳಿಸಿದ್ದಳು. ಅದೂ ಯಾರ ಮನೆಯ ಸರಕು? ಆ ಟಕ್ ಟಕ್ ನಮ್ಮಪ್ಪನದು, ನನ್ನದು! ಎಂದು ಅವನಿಗೆ ಕೂಗಬೇಕೆನಿಸಿತು.

ಆ ವಾರವೇ ಇನ್ನೊಂದು ಸುದ್ದಿ ಬಂತು. ಬೆಂಗಳೂರಿನ ಒಂದು ಮಾಸಪತ್ರಿಕೆ ಆ ಅರ್ಧ ನಿಂತ ಧಾರಾವಾಹಿಯನ್ನು ಓದುಗರೇ ಮುಗಿಸಲಿ ಎಂದು ಕರೆ ಕೊಟ್ಟಿತ್ತು. ಒಳ್ಳೆಯದೊಂದನ್ನು ಆರಿಸಿ ಅಚ್ಚು ಹಾಕುತ್ತಾರೆ. ಜೂನ್ ಕೊನೆಯೊಳಗೆ ಕಳಿಸಬೇಕು. ‘ಕೆಂಪಮ್ಮ, ಕಣ್ಣು ಮುಚ್ಕೊಂಡು ಕಳಿಸಮ್ಮ’ ಎಂದರು ಮೇಷ್ಟರು.

‘ಅಯ್ಯೋ ಬುಡಿ ಸಾರ್, ಜಯರಾಮಪ್ಪೋರು ನೋಡ್ದೆ ನಾನೆಂಗೆ ಕಳ್ಸಲಿ? ಮೊದ್ಲು ಅವ್ರು ಕೆಂಪಲ್ಲಿ ಬರೀಲಿ’ ಎಂದು ಅವಳು ಬೇರೆ ಹಾಳೆಯಲ್ಲಿ ನಕಲು ಮಾಡಿ ತಂದು ಅವನ ಕೈಗೇ ಕೊಟ್ಟಳು.

ಸಂಜೆ ಮನೆಗೆ ಬಂದವನೇ ಕಾಫಿಯನ್ನೂ ಕುಡಿಯದೆ ಹಾಳೆ ಹರಡಿಕೊಂಡು ಕೂತ. ತಪ್ಪು ಸಿಗಲಿ ದೇವರೇ, ಒಂದು ದೊಡ್ಡ ತಪ್ಪು ಸಿಗಲಿ ಎಂದು ಬೇಡಿಕೊಂಡು ಓದಿದ. ಸಿಕ್ಕಿತು. ದಾಸಪ್ಪ ನಿಂತಿರುವುದು ಚಂದ್ರನ ನೆಲದ ಮೇಲೆ. ಅಲ್ಲಿ ಗಾಳಿಯೇ ಇಲ್ಲ. ಗಾಳಿ ಇಲ್ಲದ ಕಡೆ ಸದ್ದು ಎಲ್ಲಿಂದ ಬಂತು? ಆ ಟಕ್ ಟಕ್ ಅವನಿಗೆ ಕೇಳಿಸುವುದೇ ಸಾಧ್ಯವಿಲ್ಲ! ಇಡೀ ಬೋಗಿಯಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ಮೇಷ್ಟರಿಗೂ ಹೊಳೆದಿರಲಿಲ್ಲ. ಗಣಿಯ ಊರಿನವರಲ್ಲವೆ, ಬಂಡೆಯ ಹಿಂದೆ ಮನುಷ್ಯ ಕುಟ್ಟಿದ ಎಂದ ಕೂಡಲೇ ಎಲ್ಲರೂ ಚಂದ್ರನನ್ನು ಮರೆತು ಕಿವಿಗೊಟ್ಟಿದ್ದರು.

ಜಯರಾಮಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು. ಕೆಂಪು ಪೆನ್ನಿನ ಕ್ಯಾಪ್ ತೆಗೆದ. ತೆಗೆದವನು ಹಾಗೇ ಕೂತ.

ತಪ್ಪು ಹೇಳಿದರೆ ಅವಳು ಕೇಳುತ್ತಾಳೆ, ಹಾಗಾದರೆ ಹೇಗೆ ಬರೆಯಲಿ ಎಂದು. ಹೇಗೆ ಬರೆಯಬೇಕೆಂದು ಅವನಿಗೆ ಗೊತ್ತಿತ್ತು. ಲೋಕದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದಷ್ಟು ಚೆನ್ನಾಗಿ ಗೊತ್ತಿತ್ತು. ಹತ್ತು ಅಡಿ ದೂರದಲ್ಲಿ ಕಿಟಕಿಯ ಪಕ್ಕ ಅಪ್ಪ ಕೂತಿದ್ದ, ಕಬ್ಬಿಣದ ಸರಳಿನ ಮೇಲೆ ಅಂಗೈ ಇಟ್ಟುಕೊಂಡು. ಅದನ್ನು ಹೇಳಿಕೊಟ್ಟರೆ ಅವಳ ಕಥೆಗೆ ಎದುರೇ ಇರುವುದಿಲ್ಲ. ತನ್ನ ಹನ್ನೊಂದನೇ ತಿದ್ದುಪಡಿ ಕಸದ ಬುಟ್ಟಿಗೆ. ಮೇಲಾಗಿ ನಾಯಿ ಕಿವಿಯ ಸುಳ್ಳು ಬಯಲಾಗುತ್ತದೆ. ಹೇಳದಿದ್ದರೆ ಬೆಂಗಳೂರಿನವರು ಮೊದಲ ಓದಿಗೇ ನಕ್ಕು ಪಕ್ಕಕ್ಕೆ ಇಡುತ್ತಾರೆ. ಅದಕ್ಕೆ ಇವನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು.

ಕೆಂಪು ಪೆನ್ನನ್ನು ಮುಚ್ಚಿಟ್ಟು, ಮಗಳ ನೀಲಿ ಪೆನ್ನು ತೆಗೆದುಕೊಂಡು ಕೊನೆಯ ಹಾಳೆಯ ಕೆಳಗೆ ಬರೆದ: ‘ಚೆನ್ನಾಗಿದೆ. ಹೀಗೇ ಕಳಿಸಿ.’ ಮಾರನೇ ದಿನ ಹಾಳೆಗಳನ್ನು ಕೆಂಪಮ್ಮನಿಗೆ ಕೊಟ್ಟ. ಅದೇ ದಿನ ತನ್ನ ಕಥೆಯನ್ನೂ ಟಪಾಲಿಗೆ ಹಾಕಿದ.

ಕೆಂಪಮ್ಮ ಪ್ಲಾಟ್‌ಫಾರಂ ಮೇಲೇ ನಿಂತು ಹಾಳೆಗಳನ್ನು ಮಗುಚಿ ಮಗುಚಿ ನೋಡಿದಳು. ‘ಇದೇನ್ ಜಯರಾಮಪ್ಪೋರೆ, ಸೊಣ್ಣಪ್ಪಣ್ಣನ ಎಂಟು ಸಾಲಿಗೆ ಹತ್ತು ಕಡೆ ಕೆಂಪು. ನನ್ನ ಹದಿನಾಲ್ಕು ಹಾಳೇಲಿ ಒಂದೂ ಇಲ್ವಲ್ಲ?’

‘ತಪ್ಪಿದ್ರೆ ತಾನೇ ಅಮ್ಮಾ ಬರಿಯೋದು.’

‘ನೀಲೀಲಿ ಬೇರೆ ಬರ್ದಿದೀರ.’

‘ಕೆಂಪು ಶಾಯಿ ಮುಗಿದಿತ್ತು’ ಎಂದ ಜಯರಾಮಪ್ಪ. ಹೇಳುವಾಗ ಕೈ ತಾನಾಗಿ ಜೇಬಿನ ಪೆನ್ನನ್ನು ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಆ ಕೈಯನ್ನು ನೋಡಿದಳು, ಹಾಳೆಗಳನ್ನು ಮಡಚಿಕೊಂಡಳು.

ಆಮೇಲಿನ ಹತ್ತು ದಿನ ಅವನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗೆ. ಉಗುಳುವಂತಿಲ್ಲ, ನುಂಗುವಂತಿಲ್ಲ. ಕೆಂಪಮ್ಮ ಕಥೆಯನ್ನು ಕಳಿಸಿದಳೋ ಇಲ್ಲವೋ ಕೇಳುವ ಧೈರ್ಯವಿಲ್ಲ. ಬೋಗಿಯಲ್ಲಿ ಯಾರಾದರೂ ಅವಳನ್ನು ಹೊಗಳಿದರೆ ಮೈ ಉರಿಯುತ್ತಿತ್ತು. ಅವಳು ಯಾರ ಜೊತೆಗಾದರೂ ನಗುತ್ತಾ ಮಾತಾಡಿದರೆ, ನನ್ನ ವಿಷಯವೇ ಇರಬೇಕು ಎಂದು ಇನ್ನೂ ಉರಿಯುತ್ತಿತ್ತು. ‘ಏನ್ರೀ, ಊಟ ಸೇರ್ತಿಲ್ವಲ್ಲ, ಯಾರ ಕಣ್ಣು ಬಿತ್ತು?’ ಎಂದು ಕದಿರಮ್ಮ ದೃಷ್ಟಿ ತೆಗೆದಳು. ಬಿದ್ದದ್ದು ತನ್ನದೇ ಕಣ್ಣು ಎಂದು ಹೇಳುವುದು ಹೇಗೆ?

ಜೂನ್ ತಿಂಗಳ ಮೂರನೇ ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಯಾರೋ ‘ಅಕ್ಕಾ’ ಎಂದರು. ಕೆಂಪಮ್ಮ. ಕೈಯಲ್ಲಿ ಅದೇ ಹಾಳೆಗಳು. ಜಯರಾಮಪ್ಪ ಎದ್ದು ಅಡ್ಡ ನಿಲ್ಲುವಷ್ಟರಲ್ಲಿ ಕದಿರಮ್ಮ ಅವಳನ್ನು ಒಳಗೆ ಕರೆದಾಗಿತ್ತು.

‘ನಿಮ್ಮ ಮಾವನೋರ್‌ನ ಒಸಿ ಮಾತಾಡ್ಸಬೇಕಿತ್ತು ಅಕ್ಕಾ’ ಎಂದಳು ಕೆಂಪಮ್ಮ. ‘ನನ್ನ ಕತೇಲಿ ಒಂದು ತಪ್ಪಾಗ್ಬುಟ್ಟದೆ. ಜಯರಾಮಪ್ಪೋರು ಚೆನ್ನಾಗಿದೆ ಅಂದಾಗ್ಲೇ ಎದೆ ಧಸಕ್ ಅಂತು. ಅವ್ರು ಆ ಮಾತು ಯಾರ್ಗೂ ಅನ್ನೋರಲ್ಲ. ಮನೆ ಓನರ್ ಮಗಳ ವಿಜ್ಞಾನದ ಪುಸ್ತಕ ಇಸ್ಕೊಂಡು ಓದ್ದೆ. ಚಂದ್ರನ ಮೇಲೆ ಗಾಳಿ ಇಲ್ವಂತೆ, ಸದ್ದೇ ಬರಲ್ವಂತೆ. ನಮ್ಮ ದಾಸಪ್ಪಂಗೆ ಕೇಳ್ಸಾದೇ ಇಲ್ಲ! ಅದಕ್ಕೇ, ಅವತ್ತು ಗಣೀಲಿ ಸರಿಯಾಗಿ ಎಂಗಾಯ್ತು ಅಂತ ಅಜ್ಜಯ್ಯನ್ನೇ ಕೇಳಾವ ಅಂತ ಬಂದೆ.’ ಕಿಟಕಿಯ ಬಳಿ ಕೂತಿದ್ದ ಮುದುಕನ ಕಡೆ ತಿರುಗಿ ಗೌರವದಿಂದ ಕೇಳಿದಳು: ‘ಅಜ್ಜಯ್ಯಾ, ಆ ಸದ್ದು ನಿಮ್ಗೆ ಎಂಗೆ ಕೇಳಿಸ್ತು?’

ವೆಂಕಟೇಶಪ್ಪ ಅವಳನ್ನು ನೋಡಿ ನಕ್ಕ. ‘ಯಾರಮ್ಮಾ ಈ ಮಗೂ? ಕಾಪಿ ಕೊಟ್ಟೇನವ್ವಾ?’ ಎಂದು ಸೊಸೆಯನ್ನು ಕೇಳಿದ.

‘ಅವ್ರಿಗೆ ಕಿವಿ ಕೇಳಲ್ಲ ಕಣಮ್ಮಾ’ ಎಂದಳು ಕದಿರಮ್ಮ, ಬಿಸಿಲು ಜಾಸ್ತಿ ಎಂದು ಹೇಳುವಷ್ಟು ಸಲೀಸಾಗಿ. ‘ನಾನು ಈ ಮನೆಗೆ ಬರಾಕ್ ಮುಂಚೇನೇ ಓಗಿತ್ತು. ಗಣಿ ಡ್ರಿಲ್ಲು ತಿಂದಾಕ್ಬಿಡ್ತು.’

ಕೆಂಪಮ್ಮ ನಿಧಾನವಾಗಿ ಜಯರಾಮಪ್ಪನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಮುದುಕನ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಳಿಯಲ್ಲಿ ಮುಷ್ಟಿ ಹಿಡಿದು ಮೂರು ಸಲ ಕುಟ್ಟುವ ಹಾಗೆ ಮಾಡಿ ತೋರಿಸಿದಳು. ಆಮೇಲೆ ಏನು ಎನ್ನುವ ಹಾಗೆ ಕೈ ತಿರುಗಿಸಿದಳು.

ವೆಂಕಟೇಶಪ್ಪನ ಮುಖವೇ ಬೇರೆಯಾಯಿತು. ಅವಳ ಕೈ ಹಿಡಿದು ಕಿಟಕಿಯ ಸರಳಿನ ಮೇಲೆ ಅಂಗೈ ಒತ್ತಿಟ್ಟ. ತಾನು ಸರಳಿನ ಆ ತುದಿಗೆ ಬೆರಳಗೆಣ್ಣಿನಿಂದ ಮೆಲ್ಲಗೆ ಮೂರು ಸಲ ತಟ್ಟಿದ. ‘ಇಂಗೆ’ ಎಂದ. ‘ಕಿವಿ ಇದ್ದೋರೆಲ್ಲಾ ಪೈಪಿಗೆ ಕಿವಿ ಇಟ್ರು. ಪಕ್ಕದಾಗೆ ಪಂಪು ಓಡ್ತಿತ್ತಲ್ಲಾ, ಆ ಗದ್ದಲದಾಗೆ ಅವ್ರಿಗೇನ್ ಕೇಳ್ತೈತೆ? ನಂಗೆ ಯಾವ ಗದ್ದಲಾನೂ ಇಲ್ಲ. ಸುಮ್ನೆ ಅಂಗೈ ಇಟ್ಟೆ. ಒಳಗಿಂದ ಯಾರೋ ನನ್ನ ಕೈ ತಟ್ಟಿದಂಗಾತು.’ ಅಷ್ಟು ಹೇಳಿ ಅವನು ತಲೆ ಎತ್ತಿದ. ‘ಗಾಡಿ ಬತ್ತೈತೆ ನೋಡು’ ಎಂದ. ಉಳಿದವರಿಗೆ ರೈಲಿನ ಸದ್ದು ಕೇಳಿಸಿದ್ದು ಅದಾದ ಮೇಲೆ.

ರೈಲು ದಾಟಿ ಹೋಗುವ ತನಕ ಕೆಂಪಮ್ಮ ಸರಳಿನಿಂದ ಕೈ ತೆಗೆಯಲಿಲ್ಲ. ಆಮೇಲೆ ಎದ್ದು ಬಂದು ಜಯರಾಮಪ್ಪನ ಮುಂದೆ ನಿಂತಳು.

‘ಚಂದ್ರನ ಮೇಲೆ ಸದ್ದಿಲ್ಲ ಅಂತ ನಿಮ್ಗೆ ಗೊತ್ತಿತ್ತು, ಅಲ್ವಾ?’

‘ಗೊತ್ತಿತ್ತು.’

‘ಅಜ್ಜಯ್ಯಂದು?’

‘ಅದೂ ಗೊತ್ತಿತ್ತು’ ಎಂದ ಜಯರಾಮಪ್ಪ.

‘ನೀವು ಬೈದು ಬರ್ದಿದ್ರೆ ತಲೆ ಮೇಲಿಟ್ಕತಿದ್ದೆ’ ಎಂದಳು ಕೆಂಪಮ್ಮ. ‘ಚೆನ್ನಾಗಿದೆ ಅಂದ್ಬುಟ್ರಲ್ಲಾ ಜಯರಾಮಪ್ಪೋರೆ. ಅಷ್ಟು ಬ್ಯಾಡ್ವಾಗಿದ್ನಾ ನಾನು?’

ಅವಳು ಹಾಳೆಗಳನ್ನು ಅವನ ತೊಡೆಯ ಮೇಲೆ ಇಟ್ಟಳು. ಹೋಗಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತಳು, ಕದಿರಮ್ಮ ಕೊಟ್ಟ ಕಾಫಿ ಹಿಡಿದುಕೊಂಡು.

ಜಯರಾಮಪ್ಪ ಕೆಂಪು ಪೆನ್ನು ತೆಗೆದ. ಒಳ್ಳೆಯತನ ಉಕ್ಕಿ ಬಂದು ಬರೆದ ಎಂದುಕೊಳ್ಳಬೇಡಿ. ಕೈ ಬರೆಯುತ್ತಿತ್ತು, ಹೊಟ್ಟೆ ಉರಿಯುತ್ತಲೇ ಇತ್ತು. ಆದರೆ ಒಂದು ಸಲ ಓದಲು ಕೂತರೆ ಅವನಿಗೆ ಅರ್ಧಂಬರ್ಧ ಓದುವುದು ಗೊತ್ತಿರಲಿಲ್ಲ. ‘ಕೇಳಿಸಿತು’ ಎಂಬುದನ್ನು ಹೊಡೆದು ಹಾಕಿ ಪಕ್ಕದಲ್ಲಿ ಬರೆದ: ‘ಕಿವಿ ಬೇಡ. ಪೈಪಿನ ಮೇಲೆ ಕೈ ಇಡಿಸಿ.’ ಎರಡನೇ ಹಾಳೆಯಲ್ಲಿ: ‘ಸುಮನಾ ಇಲ್ಲಿ ಎರಡು ಸಲ ಅಳುತ್ತಾಳೆ. ಒಂದು ಸಾಕು. ಎರಡನೆಯದನ್ನು ಓದುವವರಿಗೆ ಬಿಡಿ.’ ಒಂಬತ್ತನೇ ಹಾಳೆಯಲ್ಲಿ: ‘ದಾಸಪ್ಪ ಬರೀ ಮೆಕ್ಯಾನಿಕ್ ಅಲ್ಲ. ಅವನಿಗೆ ಒಂದು ಕೊರತೆ ಇರಲಿ. ಜೊತೆಯವರು ಅದನ್ನು ಆಡಿಕೊಂಡಿರಲಿ. ಯಾವ ಕೊರತೆ ಎಂದು ಇವತ್ತು ನೋಡಿದ್ದೀರಿ.’ ಹೀಗೆ ಹದಿನೇಳು ಕಡೆ. ಮುಚ್ಚಿಟ್ಟ ತಟ್ಟೆಯ ಪಕ್ಕ ಬಂದಾಗ ಪೆನ್ನು ನಿಂತಿತು. ಬಹಳ ಹೊತ್ತಾದ ಮೇಲೆ ಬರೆದ: ‘ಇದನ್ನು ಮುಟ್ಟಬೇಡಿ.’

ಆಗಸ್ಟ್ ತಿಂಗಳಲ್ಲಿ ಜಯರಾಮಪ್ಪನ ಲಕೋಟೆ ಎಂದಿನಂತೆ ವಾಪಸು ಬಂತು. ಅದರ ಮರುದಿನ ಅಶ್ವತ್ಥಪ್ಪ ಮೇಷ್ಟರು ಮಾಸಪತ್ರಿಕೆ ಹಿಡಿದುಕೊಂಡು, ಪಂಚೆ ಎತ್ತಿಕಟ್ಟಿ ಓಡುತ್ತಾ ಬಂದು ಗಾಡಿ ಹತ್ತಿದರು. ಕೆಂಪಮ್ಮನ ಕಥೆ ಅಚ್ಚಾಗಿತ್ತು, ಚಿತ್ರದ ಸಮೇತ. ಬೋಗಿಯಲ್ಲಿ ಜಾತ್ರೆ. ಮೇಷ್ಟರು ಮತ್ತೆ ಓದಿದರು. ಈ ಸಲ ಕಥೆಯಲ್ಲಿ ಮೆಕ್ಯಾನಿಕ್ ದಾಸಪ್ಪ ಕಿವುಡ. ಇಡೀ ಪ್ರಯಾಣದಲ್ಲಿ ಪ್ರತಾಪ ಅವನನ್ನು ಅದಕ್ಕಾಗಿ ಆಡಿಕೊಂಡಿದ್ದಾನೆ. ಸುಮನಾ ಆ ಸತ್ತ ರೇಡಿಯೋದ ಹೆಡ್‌ಫೋನನ್ನೇ ಹಾಕಿಕೊಂಡು ಎರಡು ದಿನ ಕಾದು, ಏನೂ ಕೇಳದೆ, ಮೂರನೇ ತಟ್ಟೆ ಎತ್ತಿಡಲು ಏಳುತ್ತಾಳೆ. ಅದೇ ಹೊತ್ತಿಗೆ ಹೊರಗೆ ಕಿವುಡ ದಾಸಪ್ಪ ಪೈಪಿನ ಮೇಲೆ ಕೈ ಇಡುತ್ತಾನೆ. ಒಳಗಿನಿಂದ ಯಾರೋ ಅವನ ಅಂಗೈ ತಟ್ಟುತ್ತಾರೆ.

ಮೇಷ್ಟರು ಓದು ನಿಲ್ಲಿಸಿದರು.

ಸೊಣ್ಣಪ್ಪನೇ ಮೊದಲು ಬಾಯಿ ಬಿಟ್ಟ. ‘ಅಲ್ಲಮ್ಮಾ ಕೆಂಪಮ್ಮಾ, ಈ ಕಿವುಡನ್ನ ಎಲ್ಲಿಂದ ತಂದೆ? ಜಯರಾಮಪ್ಪೋರ ಅಪ್ಪಂದು ನಾಯಿ ಕಿವಿ ಅಂದಿದ್ರಲ್ಲಾ?’

ಕೆಂಪಮ್ಮ ಕಿಟಕಿಯ ಹೊರಗೆ ನೋಡತೊಡಗಿದಳು. ಉತ್ತರ ಕೊಡಬೇಕಾದವನು ಯಾರೆಂದು ಅವಳಿಗೆ ಗೊತ್ತಿತ್ತು. ಅವಳು ಕಾದಳು. ಗಾಡಿ ಊರ್ಗಾಂ ಬಿಟ್ಟಿತು.

‘ನಮ್ಮಪ್ಪನೇ ಅದು’ ಎಂದ ಜಯರಾಮಪ್ಪ. ಕೊನೆಯ ಸೀಟಿನವರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ. ‘ನಮ್ಮಪ್ಪನಿಗೆ ಕಿವಿ ಕೇಳಲ್ಲ. ಅವತ್ತೂ ಕೇಳ್ತಿರ್ಲಿಲ್ಲ. ನಾಯಿ ಕಿವಿ ಅಂತ ನಾನೇ ಸುಳ್ಳು ಹೇಳಿದ್ದೆ.’

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅವನು ಗಿಡವನ್ನು ಮದ್ದಲ್ಲ ಎಂದದ್ದಷ್ಟೇ ಅಲ್ಲ, ಯಾರಿಗೂ ಕಾಣದ ಹಾಗೆ ಬೇಲಿ ಕಟ್ಟಿದ್ದ. ಸೊಣ್ಣಪ್ಪ ಏನಾದರೂ ಹಾಸ್ಯ ಮಾಡುತ್ತಾನೆ ಎಂದು ಕಾದ. ಸೊಣ್ಣಪ್ಪ, ‘ಒಂದ್ಸಲ ಕರ್ಕೊಂಡ್ ಬನ್ನಿ ಅವ್ರನ್ನ, ನೋಡಾನ’ ಎಂದನಷ್ಟೇ.

ಮೇಷ್ಟರು ಅಚ್ಚಾದ ಕಥೆಯನ್ನು ಕತ್ತರಿಸಿ ಗಾಡಿ ಪುಸ್ತಕದ ಬಲಗಡೆಗೆ ಅಂಟಿಸಿದರು. ಎಡಗಡೆ ಖಾಲಿ. ಪುಸ್ತಕವನ್ನು ಜಯರಾಮಪ್ಪನ ಮುಂದೆ ಹಿಡಿದರು. ಆ ಪುಸ್ತಕ ಇವತ್ತಿಗೂ ಮೇಷ್ಟರ ಮಗಳ ಮನೆಯಲ್ಲಿದೆ. ಆ ಪುಟದಲ್ಲಿ ಕೆಂಪು ಶಾಯಿ ಇನ್ನೂ ಮಾಸಿಲ್ಲ:

‘ಈ ಕಥೆ ಇಪ್ಪತ್ತೇಳು ವರ್ಷ ನಮ್ಮ ಮನೆಯಲ್ಲೇ ಇತ್ತು. ನಾನು ಮುಚ್ಚಿಟ್ಟಿದ್ದೆ, ಕೆಂಪಮ್ಮ ಬರೆದರು. ತಪ್ಪು ಹುಡುಕಿದೆ, ಸಿಗಲಿಲ್ಲ. ಹೊಟ್ಟೆ ಉರಿಯುತ್ತಿದೆ. ಜಯರಾಮಪ್ಪ, ವೆಂಕಟೇಶಪ್ಪನ ಮಗ.’